ಪಕ್ಕದ ಹೊಲದ ಔಷಧಿ, ನಮ್ಮ ಹುಳುಮನೆ: ಹಾಸನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಮುಂಗಾರು ಬಿತ್ತನೆಗೆ ಮೊದಲೇ ಇದು ತಮ್ಮ ಕಣ್ಣಿಗೆ ಬೀಳಲಿ ಎಂದು ಬರೆಯುತ್ತಿದ್ದೇನೆ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆಹುಳು ಮೇಯಿಸುವವರಲ್ಲಿ ನಾನೂ ಒಬ್ಬ. ಗೂಡಿನ ಬೆಲೆ, ರಾಮನಗರದ ಮಾರುಕಟ್ಟೆ, ಸಬ್ಸಿಡಿ ತಡವಾಗುವುದು, ಇವುಗಳ ಬಗ್ಗೆ ಅರ್ಜಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನದು ಒಂದೇ ಅಹವಾಲು. ಅಕ್ಕಪಕ್ಕದ ಹೊಲಕ್ಕೆ ಹೊಡೆದ ಕೀಟನಾಶಕ ಗಾಳಿಯಲ್ಲಿ ಬಂದು ನಮ್ಮ ಸೊಪ್ಪಿನ ಮೇಲೆ ಕೂರುತ್ತಿದೆ, ಅದನ್ನು ತಿಂದ ಹುಳು ಸಾಯುತ್ತಿವೆ. ಜೋಳ ಕೃಷಿ ಇಲಾಖೆಯದು, ಶುಂಠಿ ಮತ್ತು ಆಲೂಗಡ್ಡೆ ತೋಟಗಾರಿಕೆಯದು, ಹುಳು ರೇಷ್ಮೆ ಇಲಾಖೆಯದು. ಗಾಳಿ ಯಾರದು? ಈ ಮೂವರನ್ನೂ ಒಂದೇ ಮೇಜಿಗೆ ಕರೆಯುವ ಅಧಿಕಾರ ಇರುವುದು ತಮಗೆ.

ಹುಳು ಸಾಕುವವರ ಲೆಕ್ಕ ಹೀಗಿದೆ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪನ್ನೇ ನಾವು ಒಂದು ಮೊಟ್ಟೆ ಎನ್ನುತ್ತೇವೆ, ಹಾಗಾಗಿ 100 ಮೊಟ್ಟೆ ಎಂದರೆ 40ರಿಂದ 50 ಸಾವಿರ ಹುಳು. ಎಳೆ ಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಹುಳು ಪೊರೆ ಬಿಡುವುದನ್ನು ನಾವು ಜ್ವರ ಎನ್ನುತ್ತೇವೆ) ಮುಗಿದ ಮರಿಗಳನ್ನು ತಂದರೆ ಅವು ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಹತ್ತುವುದಕ್ಕೆ ಸುಮಾರು ಎರಡೂವರೆ ವಾರ. ಒಟ್ಟು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಭಾಗದಷ್ಟನ್ನು ಅವು ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲೆ, ಕೊನೆಯ ಏಳೆಂಟು ದಿನಗಳಲ್ಲಿ. ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಚಾಕಿಯ ದುಡ್ಡು, ಆಳಿನ ಕೂಲಿ, ಗೊಬ್ಬರ, ನೀರು ಎಲ್ಲ ಆಗಲೇ ಖರ್ಚಾಗಿರುತ್ತದೆ. ಅಂಥ ಹೊತ್ತಿನಲ್ಲಿ ವಿಷ ಸೋಕಿದ ಒಂದು ಹೊರೆ ಸೊಪ್ಪು ಒಳಗೆ ಬಂದರೆ ಸಾಕು. ಹುಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ, ಹಸಿರು ನೀರು ಕಕ್ಕುತ್ತದೆ, ಮೈ ಕುಗ್ಗಿಸಿಕೊಂಡು ಬೀಳುತ್ತದೆ. ಸಂಜೆ ಹಾಕಿದ ಸೊಪ್ಪು ಬೆಳಿಗ್ಗೆಗೆ ಹಾಗೇ ಉಳಿದಿರುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಿಳಿನೊಣಕ್ಕೆಂದು ಹೊಡೆಯುವ ಪೈರಿಪ್ರಾಕ್ಸಿಫೆನ್‌ನಂಥ ಔಷಧಿ ಹುಳುವನ್ನು ಕೂಡಲೇ ಕೊಲ್ಲುವುದಿಲ್ಲ. ಅದು ಕೀಟದ ಬೆಳವಣಿಗೆಯ ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ಅತಿ ಸ್ವಲ್ಪ ಪ್ರಮಾಣದಲ್ಲಿ ಹೊಟ್ಟೆ ಸೇರಿದರೂ ಹುಳು ತಿನ್ನುತ್ತಲೇ ಇರುತ್ತದೆ, ದಪ್ಪಗೂ ಆಗುತ್ತದೆ, ಗೂಡು ಮಾತ್ರ ಕಟ್ಟುವುದಿಲ್ಲ. ರೈತ ಇವತ್ತು ಹಣ್ಣಾದೀತು, ನಾಳೆ ಹಣ್ಣಾದೀತು ಎಂದು ಸೊಪ್ಪು ಸುರಿಯುತ್ತಲೇ ಇರುತ್ತಾನೆ.

ನೆರೆಯವನನ್ನು ಬೈಯಲು ನನಗೆ ಮನಸ್ಸಿಲ್ಲ. 2018ರಲ್ಲಿ ನಮ್ಮದೇ ರಾಜ್ಯದ ಶಿವಮೊಗ್ಗದಲ್ಲಿ ದೇಶಕ್ಕೇ ಮೊದಲು ಕಂಡ ಫಾಲ್ ಸೈನಿಕ ಹುಳು, ನಮ್ಮ ಕಡೆ ಲದ್ದಿಹುಳು ಎನ್ನುವುದು, ಈಗ ಮುಸುಕಿನ ಜೋಳದ ಸುಳಿಯನ್ನೇ ಕೊರೆದು ತಿನ್ನುತ್ತಿದೆ. ಅವನು ಔಷಧಿ ಹೊಡೆಯದೆ ಇನ್ನೇನು ಮಾಡಿಯಾನು? ಆದರೆ ಲದ್ದಿಹುಳುವೂ ಪತಂಗದ ಮರಿ, ರೇಷ್ಮೆಹುಳುವೂ ಪತಂಗದ ಮರಿ. ಇಂಥ ಮರಿಗಳನ್ನು ಕೊಲ್ಲಲೆಂದೇ ತಯಾರಾದ ಕ್ಲೋರಾಂಟ್ರಾನಿಲಿಪ್ರೋಲ್, ಎಮಾಮೆಕ್ಟಿನ್ ಬೆಂಜೊಯೇಟ್‌ಗಳಿಗೆ ಇದು ನಮ್ಮ ಹುಳು, ಅದು ಅವರ ಹುಳು ಎಂಬ ಭೇದ ಗೊತ್ತಿಲ್ಲ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪಿನ ಪಕ್ಕ ಹಿಪ್ಪುನೇರಳೆ ಬೆಳೆಸಬಾರದು ಎಂಬ ಬುದ್ಧಿವಾದ ಹಳೆಯದು. ಹೊಸ ಔಷಧಿಗಳ ಬಗ್ಗೆ ಅಷ್ಟು ಹೇಳುವವರೂ ಇಲ್ಲ. ಅಂಗಡಿಯವನಿಗೆ ಬೆಳೆ ಹೇಳಿದರೆ ಡಬ್ಬಿ ಕೊಡುತ್ತಾನೆ. ನಿನ್ನ ಪಕ್ಕದ ಹೊಲದಲ್ಲಿ ಏನಿದೆ ಎಂದು ಕೇಳುವುದಿಲ್ಲ.

ಶುಂಠಿಯ ಕಥೆ ಬೇರೆ. ಜಮೀನು ಗುತ್ತಿಗೆಗೆ ಹೋಗಿರುತ್ತದೆ. ಪಹಣಿಯಲ್ಲಿ ಹೆಸರಿರುವವರು ಬೆಂಗಳೂರಿನಲ್ಲಿ, ಬೆಳೆ ಇಟ್ಟವರು ಇನ್ಯಾವುದೋ ಊರಿನಲ್ಲಿ, ಔಷಧಿ ಹೊಡೆಯುವವರು ದಿನಗೂಲಿಗೆ ಬಂದವರು. ಅಣ್ಣಾ, ಇವತ್ತೊಂದು ದಿನ ತಡೀರಿ, ಹುಳು ನಾಲ್ಕನೇ ಜ್ವರ ಎದ್ದಿವೆ ಎಂದು ಯಾರ ಹತ್ತಿರ ಹೇಳುವುದು? ಸ್ವಂತ ಊರಿನವನಾದರೆ ಬದುವಿನ ಮೇಲೆ ನಿಂತು ಕೂಗಬಹುದು, ಆಗದಿದ್ದರೆ ಜಗಳವಾದರೂ ಆಡಬಹುದು.

ಹುಳು ಸತ್ತ ಮೇಲಿನದು ಇನ್ನೂ ವಿಚಿತ್ರ. ಒಮ್ಮೆ ನಮ್ಮ ಮನೆಗೆ ಬಂದು ನೋಡಿದವರೊಬ್ಬರು ತಟ್ಟೆಯ ಹತ್ತಿರ ಬಗ್ಗಿಯೂ ನೋಡದೆ ಸಪ್ಪೆ ರೋಗ ಎಂದು ಬರೆದುಕೊಂಡು ಹೋದರು. ರೋಗ ಎಂದರೆ ಸಾಕಿದವನ ತಪ್ಪು, ಸುಣ್ಣ ಸರಿಯಾಗಿ ಎರಚಿಲ್ಲ, ಮನೆ ತೊಳೆದಿಲ್ಲ. ಕಡತ ಅಲ್ಲಿಗೇ ಮುಗಿಯುತ್ತದೆ. ನಾವಾದರೋ ನಮ್ಮ ತೋಟಕ್ಕೆ ನಾವೇ ಹೊಡೆದ ಔಷಧಿಗೂ ದಿನ ಎಣಿಸಿ, ಅನುಮಾನ ಇದ್ದರೆ ನಾಲ್ಕು ಹುಳುವಿಗೆ ಸೊಪ್ಪು ಹಾಕಿ ಒಂದು ದಿನ ಕಾದು, ಆಮೇಲೆ ಮನೆಯೊಳಗೆ ತರುವ ಜನ. ಫಸಲ್ ಬಿಮಾ ಯೋಜನೆ ಹೊಲದ ಬೆಳೆಗೇ ಹೊರತು ಹುಳುವಿಗಲ್ಲ. ಠಾಣೆಗೆ ಹೋದರೆ ಅದೊಂದು ಬದುವಿನ ಜಗಳ.

1980ರಲ್ಲಿ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಪಶ್ಚಿಮ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದಾಗ ಇಡೀ ರೇಷ್ಮೆ ಸೀಮೆ ಬೆಚ್ಚಿಬಿದ್ದಿತ್ತು. ವಿಜ್ಞಾನಿಗಳು ದಾರಿ ಹುಡುಕಿದರು, ರೈತರು ಕಿಟಕಿ ಬಾಗಿಲಿಗೆ ಬಲೆ ಕಟ್ಟಿದರು, ಹತೋಟಿಗೆ ತಂದೆವು. ಗಾಳಿಗೆ ಕಟ್ಟುವ ಬಲೆ ನಮ್ಮಲ್ಲಿಲ್ಲ. ಅದು ಸರ್ಕಾರದ ಬಳಿ ಇದೆ.

ಬಲೆ ಎಂದರೆ ದೊಡ್ಡ ಯೋಜನೆಯಲ್ಲ, ಮಾಹಿತಿ. ಯಾರು ಯಾವ ದಿನ ಎಷ್ಟು ಮೊಟ್ಟೆಯ ಹುಳು ಒಯ್ದರು ಎಂಬುದು ಚಾಕಿ ಕೇಂದ್ರದ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಆ ದಿನಾಂಕದ ಮೇಲೆ ಎರಡೂವರೆ ವಾರ ಎಣಿಸಿದರೆ ಯಾವ ಊರಿನಲ್ಲಿ ಯಾವ ವಾರ ಜೋಪಾನ ಎಂಬುದು ಯಾರಿಗೂ ಗೊತ್ತಾಗುತ್ತದೆ. ಆ ಪಟ್ಟಿ ಗ್ರಾಮ ಪಂಚಾಯಿತಿಗೆ ಹೋಗಲಿ. ಕಸದ ಗಾಡಿಯ ಮೈಕಿನಲ್ಲಿ ಹಾಡಿನ ಜೊತೆ ಇದನ್ನೂ ಒಂದು ಮಾತು ಕೂಗಲಿ. ವಿಮಾನದಿಂದ ಔಷಧಿ ಸಿಂಪಡಿಸುವುದಾದರೆ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕೆಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಬೆನ್ನಿಗೆ ಕಟ್ಟಿಕೊಂಡ ಪಂಪಿಗೆ, ಟ್ರ್ಯಾಕ್ಟರಿನ ಗನ್ನಿಗೆ ಅಂಥದ್ದೇನೂ ಇಲ್ಲ. ಹುಳು ಸಾಕುವ ಊರುಗಳಲ್ಲಾದರೂ ಒಂದು ದಿನ ಮೊದಲು ಹೇಳುವ ಪದ್ಧತಿಯನ್ನು ತಾವು ತರಬಹುದು. ಮೊದಲೇ ಗೊತ್ತಾದರೆ ಬದುವಿನ ಕಡೆಯ ಸಾಲುಗಳ ಸೊಪ್ಪನ್ನು ಮುಂಚೆಯೇ ಕೊಯ್ದು ಹಾಕುತ್ತೇವೆ, ಇಲ್ಲವೆ ಆ ಸಾಲು ಬಿಟ್ಟು ಕೊಯ್ಯುತ್ತೇವೆ. ಅಷ್ಟರಿಂದಲೇ ಎಷ್ಟೋ ಬೆಳೆ ಉಳಿಯುತ್ತದೆ.

ಗುತ್ತಿಗೆ ಶುಂಠಿ ಹಾಕಿದವರ ಹೆಸರು, ಫೋನ್ ನಂಬರು ಪಂಚಾಯಿತಿಯಲ್ಲಿ ಇರಲೇಬೇಕು. ಇದಕ್ಕೆ ಜಮೀನಿನ ಮಾಲೀಕರು ಒಪ್ಪುವುದಿಲ್ಲ ಎನ್ನುವವರಿದ್ದಾರೆ. ಒಪ್ಪಿಸುವುದು ತಮ್ಮ ಕೆಲಸ ಎಂದು ನಾನು ತಿಳಿದಿದ್ದೇನೆ. ರೇಷ್ಮೆಹುಳುವಿಗೆ ಮಾರಕವಾದ ಔಷಧಿಗಳ ಹೆಸರನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಂಗಡಿಯಲ್ಲಿ ತೂಗುಹಾಕಿಸುವುದು ಪರವಾನಗಿ ಕೊಡುವ ಕೃಷಿ ಇಲಾಖೆಗೆ ಒಂದು ದಿನದ ಕೆಲಸ.

ಪರಿಹಾರದ ಮಾತನ್ನು ನಾನು ಬೇಕೆಂದೇ ಕೊನೆಗೆ ಇಟ್ಟೆ. ಹುಳು ಸತ್ತ ದಿನವೇ ಯಾರಾದರೂ ಬಂದು ಮಹಜರು ಮಾಡಿ, ಸೊಪ್ಪು ಮತ್ತು ಸತ್ತ ಹುಳುವಿನ ಮಾದರಿ ಕಟ್ಟಿ ಮೊಹರು ಹಾಕದಿದ್ದರೆ ಪರಿಹಾರ ಕೇಳಲು ನಮ್ಮ ಕೈಯಲ್ಲಿ ಏನಿರುತ್ತದೆ? ನಾಲ್ಕು ದಿನ ಕಳೆದರೆ ಅದು ತಿಪ್ಪೆ ಸೇರುತ್ತದೆ. ಕೀಟಶಾಸ್ತ್ರ ಕಲಿಸುವ ಕೃಷಿ ಕಾಲೇಜು ಹಾಸನದ ಪಕ್ಕ ಕಾರೆಕೆರೆಯಲ್ಲೇ ಇದೆ. ಅಲ್ಲಿಯವರನ್ನು ಜೊತೆಗೆ ಹಾಕಿಕೊಂಡು, ಕರೆದ ದಿನವೇ ಬರುವ ಒಂದು ತಂಡವನ್ನು ತಾಲ್ಲೂಕಿಗೆ ಒಂದರಂತೆ ಮಾಡಿಕೊಡಿ. ರೋಗವಾದರೆ ರೋಗ ಎಂದೇ ಬರೆಯಲಿ, ನಮ್ಮದೇನೂ ತಕರಾರಿಲ್ಲ.

ಜೋಳ ಮೊಳೆತು ಸುಳಿ ಬಿಚ್ಚುವ ಹೊತ್ತಿಗೆ ಪಂಪುಗಳು ಹೊರಗೆ ಬರುತ್ತವೆ. ಸಭೆ ಅದಕ್ಕೆ ಮೊದಲು ಆಗಬೇಕು. ಹುಳು ಸಾಕುವವರನ್ನೂ ಕರೆಯಿರಿ, ಜೋಳ ಮತ್ತು ಶುಂಠಿ ಬೆಳೆಯುವವರನ್ನೂ ಕರೆಯಿರಿ. ಬೆಳಿಗ್ಗೆ ಸೊಪ್ಪು ಹಾಕಿ ಹನ್ನೊಂದರ ಹೊತ್ತಿಗೆ ಹಾಸನಕ್ಕೆ ಬರುತ್ತೇವೆ, ಸಂಜೆಯ ಸೊಪ್ಪಿಗೆ ವಾಪಸ್ಸು ಬಿಟ್ಟರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಚನ್ನರಾಯಪಟ್ಟಣ ತಾಲ್ಲೂಕಿನ ಒಬ್ಬ ರೇಷ್ಮೆ ಬೆಳೆಗಾರ