ದೂರು ನಮ್ಮ ನೀರಿನ ಮೇಲೆ, ಕೊಳೆ ನಿಮ್ಮ ಟ್ಯಾಂಕಿನಲ್ಲಿ

ಮಾನ್ಯರೆ,

ಕಾರಿನ ಹಿಂದೆ ಕ್ಯಾಂಪರ್ ಟ್ರೈಲರ್, ಅಂದರೆ ನೀರಿನ ಟ್ಯಾಂಕ್, ನಲ್ಲಿ ಎಲ್ಲಾ ಇರುವ ಚಕ್ರದ ಮನೆ ಸಿಕ್ಕಿಸಿಕೊಂಡು ಕೊಡಗಿಗೆ ಬರುವವರು ಈಗೀಗ ಕಾಣಸಿಗುತ್ತಾರೆ. ಗೋಣಿಕೊಪ್ಪದ ಹತ್ತಿರ ನಮ್ಮ ಕಾಫಿ ಕಣದಲ್ಲಿ ಕೊಯ್ಲು ಇಲ್ಲದಾಗ ಅಂಥವರಿಗೆ ಜಾಗ ಕೊಡುತ್ತೇವೆ. ಬಂದವರಲ್ಲಿ ಕೆಲವರದ್ದು ಒಂದೇ ದೂರು: ‘ಆಂಟಿ, ನಿಮ್ಮ ನೀರಿಗೆ ವಾಸನೆ. ನಮ್ಮ ಗಾಡಿ ನಲ್ಲಿಯಲ್ಲಿ ಫೋರ್ಸೂ ಇಲ್ಲ.’

ಅವರು ಟ್ಯಾಂಕ್ ತುಂಬಿಸಿಕೊಳ್ಳುವ ನಮ್ಮ ಕಣದ ನಲ್ಲಿಯ ನೀರನ್ನೇ ನಮ್ಮ ಮನೆಯವರೆಲ್ಲ ಕುಡಿಯುತ್ತೇವೆ. ಹಾಗಾಗಿ ಈ ಪತ್ರ.

ಈಚೆಗೆ ಬಂದ ಒಂದು ಟ್ರೈಲರಿಗೆ ಪೈಪ್ ಹಾಕಿದರೆ ಟ್ಯಾಂಕ್ ಅರ್ಧ ತುಂಬುವ ಮೊದಲೇ ನೀರು ವಾಪಸ್ ಮುಖಕ್ಕೆ ಚಿಮ್ಮಿತು. ನಮ್ಮ ಡ್ರೈವರ್ ಬಗ್ಗಿ, ಟ್ಯಾಂಕಿಗೆ ಗಾಳಿ ಆಡಲು ಇರುವ ಗಾಳಿ ಪೈಪ್ ನೋಡಿದ. ಬಾಯಿಗೆ ಜಾಲರಿ ಇರಲಿಲ್ಲ, ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ತಂತಿ ಹಾಕಿ ಕೆದಕಿದರೆ ಒಣಗಿದ ಕೆಂಪು ಮಣ್ಣು, ಅದರೊಳಗೆ ಸತ್ತ ಜೇಡಗಳು. ಎಣ್ಣೆ ಟಿನ್ನಿಗೆ ಒಂದೇ ತೂತು ಹೊಡೆದರೆ ಗುಳುಗುಳು ಅನ್ನುತ್ತದೆಯೇ ಹೊರತು ಎಣ್ಣೆ ಸರಾಗವಾಗಿ ಬರುವುದಿಲ್ಲ, ಅಲ್ವಾ? ಇದೂ ಅಷ್ಟೇ. ಗಾಳಿ ಹೊರಗೆ ಹೋಗದಿದ್ದರೆ ನೀರು ತುಂಬುವುದಿಲ್ಲ. ಒಳಗೆ ಬಾರದಿದ್ದರೆ ಪಂಪ್ ತಿಣುಕುತ್ತದೆ, ನಲ್ಲಿ ಸಣ್ಣಗಾಗುತ್ತದೆ. ಗಾಳಿ ಪೈಪ್ ಜೋತುಬಿದ್ದು ಬಗ್ಗಿದ ಕಡೆ ನೀರು ನಿಂತರೂ ಇದೇ ಗತಿ. ಪೈಪ್ ಬಿಗಿಯಾಗಿ ಏರಿಕೊಂಡು ಹೋಗಬೇಕು, ಅದರ ಬಾಯಿ ಕೆಳಮುಖವಾಗಿರಬೇಕು, ಸಣ್ಣ ಜಾಲರಿ ಇರಬೇಕು.

ಇನ್ನು ವಾಸನೆ. ಹಳೇ ನೀರನ್ನು ಹಾಗೇ ಬಿಟ್ಟು ಮಳೆಗಾಲವಿಡೀ ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿದರೆ ಟ್ಯಾಂಕಿನ ಗೋಡೆಗೆ ಲೋಳೆ ಹಿಡಿಯುತ್ತದೆ. ಬೆಳಕು ತೂರುವ ಬಿಳಿ ಟ್ಯಾಂಕ್ ಆದರೆ ಪಾಚಿಯೂ ಕಟ್ಟುತ್ತದೆ. ಸುಮ್ನೆ ಒಂದು ಸಲ ನೀರು ತುಂಬಿ ಚೆಲ್ಲಿದರೆ ಅದು ಹೋಗುವುದಿಲ್ಲ. ಮೊದಲು ಫಿಲ್ಟರ್ ಬಿಚ್ಚಿಡಿ. ಸುವಾಸನೆ ಸೇರಿಸದ, ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು (ದ್ರವ ಬ್ಲೀಚ್) 100 ಲೀಟರ್ ಟ್ಯಾಂಕಿಗೆ 100 ಮಿ.ಲೀ. ಲೆಕ್ಕದಲ್ಲಿ ಬಕೆಟ್ ನೀರಿಗೆ ಬೆರೆಸಿ ಹಾಕಿ, ಟ್ಯಾಂಕ್ ಪೂರ್ತಿ ತುಂಬಿಸಿ. ಒಂದೊಂದೇ ನಲ್ಲಿ ತಿರುಗಿಸಿ ಕ್ಲೋರಿನ್ ವಾಸನೆ ಬರುವ ತನಕ ನೀರು ಬಿಡಿ. ಶವರ್ ಮರೆಯಬೇಡಿ. 4 ಗಂಟೆ ಹಾಗೇ ಇಟ್ಟು ಖಾಲಿ ಮಾಡಿ, ವಾಸನೆ ಹೋಗುವವರೆಗೆ ಒಳ್ಳೆ ನೀರಿನಲ್ಲಿ ತೊಳೆಯಿರಿ. ಬ್ಲೀಚಿಂಗ್ ಪೌಡರನ್ನು ನೇರವಾಗಿ ಸುರಿಯಬೇಡಿ, ಸುಣ್ಣ ತಳದಲ್ಲಿ ಕೂರುತ್ತದೆ. ಘಾಟು ಜಾಸ್ತಿ ಆಯ್ತೆಂದು ವಿನೆಗರ್ ಬೆರೆಸುವುದಂತೂ ಬೇಡವೇ ಬೇಡ, ವಿಷಗಾಳಿ ಏಳುತ್ತದೆ. ತೊಳೆದ ನೀರನ್ನು ತೋಡಿಗೆ ಬಿಡಬೇಡಿ, ಅಲ್ಲಿ ಮೀನು, ಏಡಿ ಇವೆ. ಇಷ್ಟನ್ನೂ ನಿಮ್ಮ ಊರಿನಲ್ಲೇ ಮುಗಿಸಿಕೊಂಡು ಬಂದರೆ ನಮಗೂ ನೆಮ್ಮದಿ.

ಟ್ರೈಲರ್ ಕಟ್ಟಿಕೊಡುವವರಿಗೂ ಒಂದು ಮಾತು. ಒಳಗೆ ಸೋಫಾ, ಬಣ್ಣದ ಲೈಟು ಎಲ್ಲಾ ಹಾಕುತ್ತೀರಿ. ಗಾಳಿ ಪೈಪಿಗೊಂದು ಜಾಲರಿ, ಟ್ಯಾಂಕಿಗೆ ಕೈ ತೂರುವಷ್ಟು ಮುಚ್ಚಳ, ತಳದಲ್ಲಿ ನೀರು ಪೂರ್ತಿ ಇಳಿಯುವ ಹಾಗೆ ಒಂದು ವಾಲ್ವ್. ಇವಕ್ಕೆ ಎಷ್ಟು ದುಡ್ಡು ಆಗುತ್ತದೆ?

ನಮ್ಮ ಕಣದ ನಲ್ಲಿ ಪಕ್ಕ ನೀಲಿ ಪೈಪ್ ಇದೆ, ಅದು ಕುಡಿಯುವ ನೀರಿಗೆ ಮಾತ್ರ. ಟಾಯ್ಲೆಟ್ ಡಬ್ಬ ತೊಳೆಯಲು ಹಸಿರು ಪೈಪ್ ಬೇರೆ ಇಟ್ಟಿದ್ದೇವೆ. ದಯವಿಟ್ಟು ಅದಲು ಬದಲು ಮಾಡಬೇಡಿ.

– ಹೋಂಸ್ಟೇ ನಡೆಸುವ ಒಬ್ಬ ಗೃಹಿಣಿ, ಗೋಣಿಕೊಪ್ಪ