‘ಟ್ಯಾಂಕ್ ಕ್ಲೀನರ್’ ಮೀನನ್ನು ಮಗುಚಿ ನೋಡಿ

ಮಾನ್ಯರೇ,

ಕೆರೆಯಲ್ಲಿ ಬಲೆಗೆ ಬಿದ್ದ ಒರಟು ಮೈಯ ಮೀನನ್ನೆಲ್ಲ ‘ರಾಕ್ಷಸ ಮೀನು’ ಎನ್ನುವ ಮೊದಲು ಗುರುತು ಹಿಡಿಯಬೇಕು. ಅಕ್ವೇರಿಯಂನ ಪಾಚಿ ತಿನ್ನಲೆಂದು ತಂದು, ದೊಡ್ಡದಾದ ಮೇಲೆ ಜನ ಕೆರೆಗೆ ಬಿಡುವ ‘ಟ್ಯಾಂಕ್ ಕ್ಲೀನರ್’, ಅಂದರೆ ಟೆರಿಗೊಪ್ಲಿಕ್ತಿಸ್ ಎಂಬ ಮೀನು, ದಕ್ಷಿಣ ಅಮೆರಿಕದ್ದು. ಅದರ ಮೈಮೇಲೆ ಹುರುಪೆಯಿಲ್ಲ, ಸಾಲುಸಾಲು ಮೂಳೆಯ ಫಲಕಗಳಿವೆ. ಬಾಯಿ ತಲೆಯ ಅಡಿಯಲ್ಲಿ, ಬಟ್ಟಲಿನಂತೆ. ನಮ್ಮ ಹೊಳೆಗಳ ಗಾರಾ ಮೀನಿನ ಬಾಯಿಯೂ ಅಡಿಯಲ್ಲೇ ಇದೆ; ಆದರೆ ಅದಕ್ಕೆ ಹುರುಪೆ ಇದೆ, ಗಟ್ಟಿ ಮುಳ್ಳಿಲ್ಲ. ದಯವಿಟ್ಟು ಅದನ್ನು ಕೊಲ್ಲಬೇಡಿ.

ಬೆನ್ನಿನ ರೆಕ್ಕೆಯನ್ನು ಪೂರ್ತಿ ಬಿಡಿಸಿ, ಮುಂದಿನ ಮುಳ್ಳನ್ನು ಬಿಟ್ಟು ರೆಕ್ಕೆಗೆ ಆಧಾರವಾದ ಕಡ್ಡಿಗಳನ್ನು ಎಣಿಸಿ. 10 ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ ಟೆರಿಗೊಪ್ಲಿಕ್ತಿಸ್. ಇದರಂತೆಯೇ ಕಾಣುವ ಹೈಪೊಸ್ಟೋಮಸ್ ಎಂಬ ಇನ್ನೊಂದು ಮೀನಿನಲ್ಲಿ ಸಾಮಾನ್ಯವಾಗಿ 7. ಸತ್ತ ಮೀನಿನ ರೆಕ್ಕೆ ಮಡಚಿಕೊಳ್ಳುವುದರಿಂದ ಎಣಿಕೆ ತಪ್ಪುವುದು ಇಲ್ಲೇ. ಟೆರಿಗೊಪ್ಲಿಕ್ತಿಸ್‌ನಲ್ಲೇ ಬೇರೆ ಬೇರೆ ಪ್ರಭೇದಗಳಿವೆ: ಹೊಟ್ಟೆಯ ಮೇಲೆ ಬಿಡಿ ಚುಕ್ಕೆಗಳಿದ್ದರೆ ಪಾರ್ಡಾಲಿಸ್, ಚುಕ್ಕೆಗಳು ಕೂಡಿ ಹಾವಿನಂಥ ಗೆರೆಗಳಾಗಿದ್ದರೆ ಡಿಸ್‌ಜಂಕ್ಟಿವಸ್ ಎಂಬುದು ವಾಡಿಕೆ. ಎರಡೂ ಬೆರೆತ ತಳಿಗಳು ಇರುವುದರಿಂದ ಇದೊಂದನ್ನೇ ನಂಬಬಾರದು. ಬೆನ್ನು, ಪಕ್ಕ, ಹೊಟ್ಟೆ ಮೂರರ ಫೋಟೊಗಳನ್ನೂ ಅಳತೆಪಟ್ಟಿ ಇಟ್ಟು ತೆಗೆಯಿರಿ.

ಬಲೆಯಿಂದ ಬಿಡಿಸುವಾಗ ದಪ್ಪ ಕೈಗವಸು ಬೇಕು. ಎದೆರೆಕ್ಕೆಯ ಮುಳ್ಳು ಸೆಟೆದು ನಿಲ್ಲುತ್ತದೆ. ದಡಕ್ಕೆ ಎಸೆದರೆ ಸಾಯಿತೆಂದುಕೊಳ್ಳಬೇಡಿ. ಜಠರದ ಮೂಲಕ ಗಾಳಿ ಉಸಿರಾಡುವ ಈ ಮೀನು ಗಂಟೆಗಟ್ಟಲೆ ಬದುಕಿರುತ್ತದೆ. ಇದು ಏರಿಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಹಾಗಾಗಿ ಗುರುತು ಖಚಿತವಾದ ಮೇಲೆ ಒಂದನ್ನೂ ಮರಳಿ ನೀರಿಗೆ ಬಿಡಬಾರದು.

– ಕೆರೆ ಮೀನುಗಳ ಅಧ್ಯಯನಾಸಕ್ತರು, ಬೆಂಗಳೂರು