ಕಾರ್ಡ್ ಹೋಗಿಲ್ಲ, ನೀಲಿ ಪರದೆ ಓದಿ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಜಾಗದಲ್ಲಿ ಒಬ್ಬ ತಂದೆ ಬರೆದಿದ್ದರು. ಮಗನ ಎಂಜಿನಿಯರಿಂಗ್ ಪ್ರಾಜೆಕ್ಟಿಗೆ ಅಂತ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಕೊಡಿಸಿದ್ದಾರೆ, ಅದರಲ್ಲಿ ಬೇಕಾದ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುತ್ತಿಲ್ಲ, ಅಂಗಡಿಯವರು ಕೆಟ್ಟ ಮಾಲು ಕೊಟ್ಟು ಮೋಸ ಮಾಡಿದ್ದಾರೆ ಎಂದು ಅವರ ದೂರು. ನಾನು ದಾವಣಗೆರೆಯಲ್ಲಿ ಸಣ್ಣದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಲ್ಯಾಪ್‌ಟಾಪ್ ವಾಪಸ್ ಹೊತ್ತುಕೊಂಡು ಹೋಗುವ ಮೊದಲು ಅವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹೋದ ವರ್ಷ ಒಬ್ಬ ಹುಡುಗ ಇದೇ ಗೋಳು ಹಿಡಿದುಕೊಂಡು ಬಂದ. ಮನೆಯಲ್ಲಿ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ತೆಗೆದುಕೊಂಡ ಲ್ಯಾಪ್‌ಟಾಪ್. ವಿಂಡೋಸ್ 11 ಪಕ್ಕದಲ್ಲೇ ಉಬುಂಟು 22.04 ಹಾಕಿಕೊಂಡಿದ್ದ, ಅದು ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸಿನ ಒಂದು ಬಗೆ. ಅವನಿಗೆ ಬೇಕಾಗಿದ್ದು ಕೂಡಾ (CUDA). ನಮ್ಮ ‘ನೀನೂ ಕೂಡಾ ಬಾ’ ಅನ್ನೋ ಕೂಡಾ ಅಲ್ಲ, ಗ್ರಾಫಿಕ್ಸ್ ಕಾರ್ಡಿನಿಂದ ಲೆಕ್ಕ ಮಾಡಿಸಲು ಆ ಕಾರ್ಡುಗಳ ಕಂಪನಿ ಎನ್‌ವಿಡಿಯಾ 2007ರಲ್ಲಿ ಹೊರತಂದ ತಂತ್ರಾಂಶ. ಈಗ ಎಐ ಅಂತ ಪ್ರಾಜೆಕ್ಟ್ ಮಾಡುವ ಹುಡುಗರೆಲ್ಲ ಕೇಳೋದು ಇದನ್ನೇ. ಸುಮಾರು 4 ಜಿಬಿ ಫೈಲು, ಹಾಸ್ಟೆಲ್ ವೈಫೈಯಲ್ಲಿ ರಾತ್ರಿಯಿಡೀ ಇಳಿಸಿಕೊಂಡಿದ್ದಾನೆ ಪಾಪ. ಓಡಿಸಿದರೆ ಇನ್‌ಸ್ಟಾಲೇಶನ್ ಫೇಲ್ಡ್, ಲಾಗ್ (ಏನಾಯಿತು ಅಂತ ಬರೆದಿಡುವ ಫೈಲು) ನೋಡಿ ಅನ್ನುತ್ತದೆ. ಆ ಲಾಗ್ ತೆರೆದರೆ ಡ್ರೈವರ್ (ಕಾರ್ಡನ್ನು ಕೆಲಸಕ್ಕೆ ಹಚ್ಚುವ ತಂತ್ರಾಂಶ) ಕೂರಲಿಲ್ಲ, ಇನ್ನೊಂದು ಲಾಗ್ ನೋಡಿ ಅಂತ ಬರೆದಿದೆ. ಸರ್ಕಾರಿ ಕಚೇರಿಯಲ್ಲಿ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಕಳಿಸ್ತಾರಲ್ಲ, ಹಾಗೆ.

ನಾನು ಎರಡು ಸಲ ಡ್ರೈವರ್ ತೆಗೆದು ಹಾಕಿದೆ. ಕಾರ್ಡಿನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಅನ್ನುವ ಕಮಾಂಡ್ ಟೈಪ್ ಮಾಡಿದರೆ, ಡ್ರೈವರ್ ಜೊತೆ ಮಾತಾಡಲು ಆಗುತ್ತಿಲ್ಲ, ಹೊಸ ಡ್ರೈವರ್ ಇದೆಯಾ ನೋಡಿಕೊಳ್ಳಿ ಅನ್ನುವ ಅದೇ ಸಾಲು. ಈ ಸಾಲೇ ಜನರ ದಾರಿ ತಪ್ಪಿಸೋದು. ಹೊಸದು ಬೇಕಂತೆ ಅಂತ ಡ್ರೈವರ್ ಮೇಲೆ ಡ್ರೈವರ್ ಹೇರುತ್ತಾ ಹೋಗುತ್ತೇವೆ. ಕೊನೆಗೆ ‘ಕಾರ್ಡ್ ಹೋಗಿರಬೇಕು, ಬೋರ್ಡ್ ಬದಲಾಯಿಸಬೇಕಾಗುತ್ತೆ’ ಅಂದುಬಿಟ್ಟೆ. ಹುಡುಗ ‘ಅಣ್ಣಾ, ವಿಂಡೋಸ್‌ನಲ್ಲಿ ಗೇಮ್ ಚೆನ್ನಾಗೇ ಓಡುತ್ತಲ್ಲ?’ ಅಂದ. ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಅವನೇ ನಗ್ತಾ ಬಂದು ತೋರಿಸಿದ. ವಿಷಯ ಇಷ್ಟೇ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೆಕ್ಯೂರ್ ಬೂಟ್ ಅನ್ನುವ ಕಾವಲು ಆನ್ ಆಗಿಯೇ ಬರುತ್ತದೆ. ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡೋದಿಲ್ಲ, ಸೀಲ್ ಇಲ್ಲದ ಚೀಟಿಗೆ ಸೊಸೈಟಿಯಲ್ಲಿ ಅಕ್ಕಿ ಕೊಡೋದಿಲ್ಲವಲ್ಲ, ಹಾಗೆ. ಅದಕ್ಕೇ ಉಬುಂಟು ಹಾಕುವಾಗ ಥರ್ಡ್ ಪಾರ್ಟಿ ಡ್ರೈವರ್‌ಗೆ ಟಿಕ್ ಮಾಡಿದರೆ ಒಂದು ಪಾಸ್‌ವರ್ಡ್ ಇಡಿಸಿಕೊಳ್ಳುತ್ತದೆ. ಮುಂದಿನ ಸಲ ಆನ್ ಮಾಡಿದಾಗ ಒಂದು ನೀಲಿ ಪರದೆ ಬರುತ್ತದೆ. ಅಲ್ಲಿ ಎನ್‌ರೋಲ್ ಮೋಕ್ (ಡ್ರೈವರಿನ ಸಹಿಯನ್ನು ಗುರುತಿಸುವ ಕೀ ನೋಂದಾಯಿಸು) ಅನ್ನುವುದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. 10 ಸೆಕೆಂಡಿನೊಳಗೆ ಕೀ ಒತ್ತದಿದ್ದರೆ ಪರದೆ ತಾನೇ ಮಾಯ. ನೀಲಿ ಪರದೆ ಅಂದರೆ ಕೆಟ್ಟಿತು ಅಂತಲೇ ನಮ್ಮ ಜನಕ್ಕೆ ಗೊತ್ತಿರೋದು, ಹಾಗಾಗಿ ಹೆದರಿ ಕಂಟಿನ್ಯೂ ಬೂಟ್ ಒತ್ತುತ್ತಾರೆ ಇಲ್ಲವೇ ಪವರ್ ಬಟನ್ನೇ ಅದುಮುತ್ತಾರೆ. ಈ ಹುಡುಗನೂ ಕಂಟಿನ್ಯೂ ಒತ್ತಿದ್ದ. ಪರದೆ ತಪ್ಪಿಹೋಗಿದ್ದರೂ ಚಿಂತೆಯಿಲ್ಲ, ಮೋಕ್‌ಯುಟಿಲ್ ಅನ್ನುವ ಕಮಾಂಡ್‌ನಿಂದ ಆ ಸಹಿಯ ಕೀ ಮತ್ತೆ ಇಂಪೋರ್ಟ್ ಮಾಡಿ ರೀಸ್ಟಾರ್ಟ್ ಮಾಡಿದರೆ ಆ ಪರದೆ ಮತ್ತೆ ಬರುತ್ತದೆ.

ಕೆಲವು ಅಂಗಡಿಗಳಲ್ಲಿ ಸೆಕ್ಯೂರ್ ಬೂಟನ್ನೇ ಆಫ್ ಮಾಡಿಕೊಡ್ತಾರೆ. ಕೆಲಸ ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ಆಮೇಲೆ ವಿಂಡೋಸ್ ತೆರೆಯಲು ಹೋದಾಗ ಅದರ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಎಲ್ಲೂ ಸಿಗಲಿಲ್ಲ ಅಂದರೆ ಒಳಗಿರುವ ಫೋಟೋ, ರಿಪೋರ್ಟು ಎಲ್ಲಾ ಕೈಗೆ ಸಿಗದೆ ಹೋಗಬಹುದು.

ನುವೋ ಅಂತ ಲಿನಕ್ಸ್ ಜೊತೆಗೇ ಬರುವ ಇನ್ನೊಂದು ಡ್ರೈವರ್ ಇದೆ. ಅದು ಕಾರ್ಡನ್ನು ಹಿಡಿದುಕೊಂಡು ಕೂತಿದ್ದಾಗಲೂ, ಆ 4 ಜಿಬಿ ಕೂಡಾ ಫೈಲಿನ ಒಳಗಿರುವ ಡ್ರೈವರ್ ಕೂರೋದಿಲ್ಲ. ಆದ್ದರಿಂದ ನಾನೀಗ ಡ್ರೈವರನ್ನು ಉಬುಂಟುವಿನ ಕಡೆಯಿಂದಲೇ ಹಾಕಿಸಿ, ಕೂಡಾ ಹಾಕುವಾಗ ಮೆನುವಿನಲ್ಲಿ ಮೊದಲೇ ಇರುವ ಡ್ರೈವರ್ ಟಿಕ್ ತೆಗೆದುಬಿಡುತ್ತೇನೆ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಅಂದಹಾಗೆ ಈ ಡ್ರೈವರ್ ರಗಳೆ ನಮ್ಮೂರಿನದಷ್ಟೇ ಅಲ್ಲ. ಲಿನಕ್ಸ್ ಹುಟ್ಟಿಸಿದ ಲೈನಸ್ ಟೊರ್ವಾಲ್ಡ್ಸ್ ಅವರೇ 2012ರಲ್ಲಿ ಫಿನ್‌ಲ್ಯಾಂಡಿನ ಒಂದು ಸಭೆಯಲ್ಲಿ ಎನ್‌ವಿಡಿಯಾಕ್ಕೆ ಕ್ಯಾಮೆರಾ ಎದುರೇ ಬೆರಳು ತೋರಿಸಿ ಬೈದಿದ್ದರು. ಆ ಕಂಪನಿ ತನ್ನ ಲಿನಕ್ಸ್ ಕರ್ನಲ್ ಡ್ರೈವರಿನ ಕೋಡ್ ತೆರೆದಿಟ್ಟಿದ್ದು 2022ರಲ್ಲಿ.

ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಯಾವುದಕ್ಕೆ ಗೊತ್ತಾ? ಆ ಹುಡುಗನಿಗೆ 4 ಜಿಬಿ ಫೈಲು ಬೇಕೇ ಆಗಿರಲಿಲ್ಲ! ಅವನ ಪ್ರಾಜೆಕ್ಟ್ ಇದ್ದದ್ದು ಪೈಟಾರ್ಚ್ ಅನ್ನುವ ಎಐ ತಂತ್ರಾಂಶದಲ್ಲಿ. ಪಿಪ್ ಅನ್ನುವ ಕಮಾಂಡ್‌ನಿಂದ ಅದನ್ನು ಹಾಕಿಕೊಂಡರೆ ಬೇಕಾದ ಕೂಡಾ ಲೈಬ್ರರಿಗಳು ಜೊತೆಗೇ ಬರುತ್ತವೆ, ಡ್ರೈವರ್ ಒಂದು ಸರಿಯಿದ್ದರೆ ಸಾಕು. ಆದರೆ ಕಾಲೇಜಿನಲ್ಲಿ ಕೊಟ್ಟ ಹಾಳೆಯಲ್ಲಿ ಕೂಡಾ ಟೂಲ್‌ಕಿಟ್ (ಅದೇ 4 ಜಿಬಿ ಫೈಲು) ಹಾಕಿಕೊಳ್ಳಿ ಅಂತ ಒಂದೇ ಸಾಲು ಇತ್ತು. ಯಾವ ವರ್ಷನ್, ಯಾಕೆ, ಏನೂ ಇಲ್ಲ. ಅದನ್ನೇ ನಂಬಿ ಹುಡುಗರು ಎನ್‌ವಿಡಿಯಾ-ಎಸ್‌ಎಂಐ ಮೇಲ್ಗಡೆ ತೋರಿಸುವ ಕೂಡಾ ನಂಬರ್ ನೋಡಿ ‘ಇನ್‌ಸ್ಟಾಲ್ ಆಗಿದೆ’ ಅಂತಲೂ ತಿಳಿದುಕೊಳ್ಳುತ್ತಾರೆ. ಅದು ಈ ಡ್ರೈವರ್ ಎಲ್ಲಿಯವರೆಗಿನ ಕೂಡಾವನ್ನು ತಾಳುತ್ತದೆ ಅನ್ನುವ ಲೆಕ್ಕ, ಅಷ್ಟೇ. ಟೂಲ್‌ಕಿಟ್ ನಿಜವಾಗಿ ಇದೆಯಾ ಅಂತ ಹೇಳೋದು ಎನ್‌ವಿಸಿಸಿ ಅನ್ನುವ ಬೇರೆ ಕಮಾಂಡ್.

ಹಾಳೆ ಬರೆಯುವ ಮೇಷ್ಟ್ರುಗಳು ಸೆಕ್ಯೂರ್ ಬೂಟ್, ನೀಲಿ ಪರದೆ ಅಂತ ಎರಡು ಸಾಲು ಜಾಸ್ತಿ ಬರೆದರೆ ಕೈ ಸವೆಯುತ್ತಾ? ನಿಮ್ಮ ಪತ್ರಿಕೆಯಲ್ಲೂ ಎಐ ಕಲಿಯಿರಿ ಅಂತ ವಾರವಾರ ಬರುತ್ತದೆ. ಒಂದು ವಾರ ಇದನ್ನು ಕನ್ನಡದಲ್ಲಿ, ಪರದೆಯ ಫೋಟೋ ಸಮೇತ ಹಾಕಿ ಸ್ವಾಮಿ.

ಪತ್ರ ಬರೆದ ಯಜಮಾನರಿಗೆ ಒಂದೇ ಮಾತು. ಮಗನನ್ನು ವಿಂಡೋಸ್‌ನಲ್ಲಿ ಆ ಕಾರ್ಡ್ ಕೆಲಸ ಮಾಡುತ್ತಾ ಕೇಳಿ. ಮಾಡುತ್ತೆ ಅಂದರೆ ಸದ್ಯಕ್ಕೆ ಶೋರೂಮಿಗೆ ಹೋಗಬೇಡಿ. ಆ ಹುಡುಗನಿಂದ ನಾನು 300 ರೂಪಾಯಿ ತೆಗೆದುಕೊಂಡಿದ್ದೆ, ಅವನು ಕೇಳದಿದ್ದರೂ ವಾಪಸ್ ಕೊಟ್ಟೆ.

– ರಿಪೇರಿ ಅಂಗಡಿಯ ಓದುಗ, ದಾವಣಗೆರೆ